ಪಾಷಾ ಹೋಟೆಲಿನ ನಂಬರ್ ಒನ್

ಸುಗತನ ಕೈಬರಹ ದುಂಡಗಿದ್ದದ್ದೇ ತಪ್ಪಾಯಿತು. ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದಿದ್ದರೆ ಅವನನ್ನು ಬೋರ್ಡು ಬರೆಯಲು ಯಾರೂ ಕರೆಯುತ್ತಿರಲಿಲ್ಲ. ಆ ಶನಿವಾರ ಬೆಳಿಗ್ಗೆ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಮನೆ ಮಾಲೀಕಳಿಗೆ ಸಮಜಾಯಿಷಿ ಕೊಡುವ ಗತಿಯೂ ಬರುತ್ತಿರಲಿಲ್ಲ.

"ಸುಗತಾ! ಏ ಸುಗತಾ!" ಮಂಜುಳಮ್ಮ ಕೆಳಗಿನ ಅಂಗಳದಲ್ಲಿ ನಿಂತು ಮೇಲಿನ ಬಾಲ್ಕನಿಗೆ ಕೂಗಿದರು. "ಇವತ್ತು ಬೋರ್ಡಲ್ಲಿ ಯಾರ ಹೆಸ್ರು ಮೊದ್ಲು ಬರೀತೀಯಪ್ಪ?"

ಸುಗತ ಬ್ರಷ್ ಕಚ್ಚಿಕೊಂಡೇ ಬಗ್ಗಿ ನೋಡಿದ. ಏನೂ ಹೇಳಲಾಗದೆ ಕೈ ಆಡಿಸಿದ.

"ಉಗುಳ್ಬಿಟ್ಟು ಮಾತಾಡು."

ಸುಗತ ಉಗುಳಿದ. "ಅಮ್ಮ, ಇನ್ನೂ ಯೋಚ್ನೆ ಮಾಡಿಲ್ಲ."

"ಮಾಡು. ನಿಧಾನವಾಗಿ ಮಾಡು. ಹಾಂ, ನಿಮ್ಮ ಬಾಡಿಗೆ ಅಗ್ರಿಮೆಂಟ್ ಪೇಪರ್ ಟೈಪ್ ಆಗಿ ಬಂದೈತೆ. ಸಾಯಂಕಾಲ ಬೋರ್ಡು ನೋಡ್ಕೊಂಡು ಬಂದು ಸೈನ್ ಹಾಕ್ತೀನಿ." ಮಂಜುಳಮ್ಮ ನಗುನಗುತ್ತಲೇ ಹೇಳಿ ರಂಗೋಲಿ ಡಬ್ಬಿ ಎತ್ತಿಕೊಂಡು ಒಳಗೆ ಹೋದರು.

ಸುಗತನಿಗೆ ಈ ಪ್ರಪಂಚದಲ್ಲಿ ಬೇಕಾಗಿದ್ದದ್ದು ಒಂದೇ: ಇದ್ದಲ್ಲೇ ಇರುವುದು. ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಅವನು ಆರು ಮನೆ ಖಾಲಿ ಮಾಡಿದ್ದ, ಇದು ಏಳನೆಯದು. ಹಲಸೂರಿನ ಮಾಲೀಕನಿಗೆ ಮಗಳ ಮದುವೆ ಬಂತು, ಟ್ಯಾನರಿ ರಸ್ತೆಯ ಮಾಲೀಕನಿಗೆ ಮನೆ ಕೆಡವುವ ಹುಚ್ಚು ಬಂತು, ಇನ್ನೊಬ್ಬನಿಗೆ ವಾಸ್ತು ಬಂತು. ಯಾರಿಗೆ ಏನು ಬಂದರೂ ಗಂಟುಮೂಟೆ ಕಟ್ಟುವವನು ಇವನೇ. ಲಿಂಗರಾಜಪುರದ ಈ ಮಹಡಿ ಮನೆಗೆ ಬಂದ ಮೇಲೆ ಮೊದಲ ಸಲ ಹೆಂಡತಿ ಯಮುನಾ, "ಇಲ್ಲೇ ಇದ್ಬಿಡೋಣ ಕಣ್ರೀ, ನನಗೆ ಸಾಕಾಗಿದೆ" ಅಂದಿದ್ದಳು. ಅದನ್ನು ಹೇಳುವಾಗ ಅವಳ ಮುಖ ತೀರ ದಣಿದಿತ್ತು. ಏನೇ ಆಗಲಿ, ಈ ಮನೆ ಬಿಡುವುದಿಲ್ಲ ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದ. ಇಲ್ಲಿಂದ ಕೋಲ್ಸ್ ರಸ್ತೆಯ ಅವನ ಕೆಲಸದ ಜಾಗಕ್ಕೆ ಹದಿನೈದು ನಿಮಿಷದ ನಡಿಗೆ. ಬಸ್ಸಿಲ್ಲ, ಸಿಗ್ನಲ್ಲಿಲ್ಲ.

ಅಂಥ ಮನೆಯ ಅಗ್ರಿಮೆಂಟು ಈಗ ಒಂದು ಟೀ ಹೋಟೆಲಿನ ಕರಿಹಲಗೆಗೆ ಗಂಟು ಬಿದ್ದಿತ್ತು.

ಫ್ರೇಜರ್ ಟೌನಿನ ಆ ಹೋಟೆಲು ಅಹ್ಮದ್ ಪಾಷಾನದು. ಅಲ್ಲಿ ಟೀಗೆ ದುಡ್ಡು ಕೊಟ್ಟರೆ ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಾರೆ. ಪಾಷಾನ ಅಪ್ಪನ ಕಾಲದಲ್ಲಿ ಆ ಬಿಲ್ಲೆಯನ್ನು ಒಂದು ದೊಡ್ಡ ಪೆಟ್ಟಿಗೆಗೆ ಹಾಕಿ ಗುಂಡಿ ಒತ್ತಿದರೆ ಬೇಕಾದ ಹಾಡು ಬರುತ್ತಿತ್ತಂತೆ. ಪೆಟ್ಟಿಗೆ ಯಾವತ್ತೋ ಕೆಟ್ಟು ಗುಜರಿಗೆ ಹೋಯಿತು, ಬಿಲ್ಲೆಗಳು ಉಳಿದವು. ಈಗ ಗಲ್ಲಾದ ಪಕ್ಕ ಹತ್ತು ಪಿಂಗಾಣಿ ಜಾಡಿಗಳಿವೆ, ಒಂದೊಂದರ ಮೇಲೂ ಒಂದೊಂದು ಹೊಸ ಆಲ್ಬಮ್ಮಿನ ಹೆಸರು. ಟೀ ಕುಡಿದವರು ತಮಗಿಷ್ಟವಾದ ಜಾಡಿಗೆ ಬಿಲ್ಲೆ ಹಾಕಿ ಹೋಗಬೇಕು. ಶನಿವಾರ ಸಂಜೆ ಐದಕ್ಕೆ ಎಣಿಕೆ. ಗೆದ್ದ ಆಲ್ಬಮ್ಮಿನ ಹೆಸರು, ಹಾಡಿದವರ ಹೆಸರು ಕರಿಹಲಗೆಯ ನೆತ್ತಿಯ ಮೇಲೆ ದೊಡ್ಡಕ್ಷರದಲ್ಲಿ ಬೀಳುತ್ತದೆ, ವಾರವಿಡೀ ಬೆಳಗಿನ ಮೊದಲ ಟೀ ಅದರ ಹಾಡಿನೊಂದಿಗೇ ಇಳಿಯುತ್ತದೆ. ದೇಶದ ದೊಡ್ಡ ದೊಡ್ಡ ಪಟ್ಟಿಗಳಲ್ಲಿ ಯಾರು ಎಷ್ಟನೆಯವರೋ ಫ್ರೇಜರ್ ಟೌನಿನವರಿಗೆ ಗೊತ್ತಿಲ್ಲ. ಪಾಷಾನ ಬೋರ್ಡಿನಲ್ಲಿ ಯಾರು ಮೇಲಿದ್ದಾರೆ ಎಂಬುದು ಮಾತ್ರ ಕಾಕ್ಸ್ ಟೌನಿನವರೆಗೂ ಗೊತ್ತು.

ಈ ಬೋರ್ಡು ಬರೆಯುವ ಕೆಲಸಕ್ಕೆ ಪಾಷಾ ಸುಗತನನ್ನು ಹಿಡಿದು ತಂದದ್ದಕ್ಕೆ ಎರಡು ಕಾರಣ. ಒಂದು ಅವನ ಅಕ್ಷರ. ಇನ್ನೊಂದು, ಅವನಿಗೆ ಸಂಗೀತದ ಗಂಧಗಾಳಿ ಇಲ್ಲದಿರುವುದು. ಲಾಲಿಹಾಡಿಗೂ ಲಾರಿಯ ರಿವರ್ಸ್ ಹಾರ್ನಿಗೂ ಅವನಿಗೆ ಹೆಚ್ಚಿನ ವ್ಯತ್ಯಾಸ ಕಾಣುತ್ತಿರಲಿಲ್ಲ. "ಇಂಥಾ ನ್ಯೂಟ್ರಲ್ ಆದ್ಮಿ ನನಗೆ ಎಲ್ಲಿ ಸಿಗ್ತಾನೆ?" ಎಂದು ಪಾಷಾ ಎಲ್ಲರೆದುರು ಹೊಗಳಿದ್ದ. ಜನ್ಮದಲ್ಲಿ ಯಾವುದಕ್ಕೂ ಹೊಗಳಿಸಿಕೊಳ್ಳದ ಸುಗತ ಉಬ್ಬಿಹೋಗಿ ಒಪ್ಪಿಕೊಂಡುಬಿಟ್ಟಿದ್ದ.

ಒಂದು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಬೋರ್ಡಿಗೆ ಮುಖ್ಯವಾಗಿ ಇಬ್ಬರೇ ಪೈಪೋಟಿ. ಒಬ್ಬ ಗರಂ, ಕನ್ನಡ ತಮಿಳು ದಖನಿ ಮೂರನ್ನೂ ಒಂದೇ ಉಸಿರಿನಲ್ಲಿ ಪಟಪಟನೆ ಹೇಳುವ ರ‍್ಯಾಪರ್. ಇನ್ನೊಬ್ಬಳು ಮಂದಾರ, ಕೇಳುವವರ ಕಣ್ಣಲ್ಲಿ ನೀರು ತರಿಸುವ ಗಾಯಕಿ. ಗರಂನ ಆಲ್ಬಮ್ಮು ನಾಲ್ಕು ವಾರ ನೆತ್ತಿ ಹತ್ತಿ ಕೂತಿತು. ಮಂದಾರಳದೂ ನಾಲ್ಕೇ ವಾರ. ಐದನೆಯ ವಾರ ಯಾರಿಗೆ ಎಂದು ಎರಡೂ ಕಡೆಯ ಅಭಿಮಾನಿಗಳು ಹಲ್ಲು ಮಸೆಯುತ್ತಿರುವಾಗ ಆ ಇಬ್ಬರು ತಾರೆಯರು ಯಾರನ್ನೂ ಕೇಳದೆ ಒಂದಾಗಿ, 'ಅರ್ಧ ನಿಂದು' ಎಂಬ ಜಂಟಿ ಆಲ್ಬಮ್ ಹೊರಡಿಸಿಬಿಟ್ಟರು.

ಸೋಮವಾರ ಜಾಡಿ ಇಟ್ಟರೆ ಬುಧವಾರಕ್ಕೆ ಕುತ್ತಿಗೆಯವರೆಗೆ ತುಂಬಿತು. ನಂಬರ್ ಒನ್ ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಆದರೆ ಪಾಷಾನ ಕರಿಹಲಗೆ ಉದ್ದಕ್ಕೆ ಇತ್ತೇ ಹೊರತು ಅಗಲಕ್ಕೆ ಇರಲಿಲ್ಲ. ಒಂದು ಸಾಲಿಗೆ ಒಂದೇ ಹೆಸರು ಹಿಡಿಯುತ್ತದೆ. ಇಬ್ಬರಲ್ಲಿ ಒಬ್ಬರು ಮೇಲೆ, ಇನ್ನೊಬ್ಬರು ಕೆಳಗೆ. ಮೇಲೆ ಬಂದವರಿಗೇ ಐದನೆಯ ವಾರದ ಕೀರ್ತಿ ಎಂದು ಜನ ತಾವೇ ತೀರ್ಮಾನ ಮಾಡಿಕೊಂಡಿದ್ದರು.

ಅರವತ್ತು ದಾಟಿದ ಮಂಜುಳಮ್ಮ ಗರಂ ಅಭಿಮಾನಿಗಳ ಮಹಿಳಾ ಘಟಕದ ಅಧ್ಯಕ್ಷೆ. "ಅವ್ನು ಬಯ್ಯೋದು ಕೇಳಿದ್ರೆ ನಮ್ಮ ಯಜಮಾನ್ರು ನೆನಪಾಗ್ತಾರೆ" ಎನ್ನುತ್ತಿದ್ದರು.

ಸುಗತ ತಿಂಡಿಯನ್ನೂ ಸರಿಯಾಗಿ ತಿನ್ನದೆ ಕೆಲಸಕ್ಕೆ ಹೊರಟ. ರಿಚರ್ಡ್ಸ್ ಪಾರ್ಕಿನ ಪಕ್ಕ ನಡೆಯುತ್ತ, ಗರಂ ಹೆಸರನ್ನೇ ಮೇಲೆ ಬರೆದರೆ ಯಾರಪ್ಪನ ಮನೆ ಗಂಟು ಹೋಗುತ್ತದೆ ಎಂದು ಲೆಕ್ಕ ಹಾಕಿದ. ಯಾರದೂ ಹೋಗುವುದಿಲ್ಲ ಅನ್ನಿಸಿತು. ಮನಸ್ಸು ಹಗುರಾಯಿತು.

ನ್ಯೂ ಬಾದಲ್ ಛತ್ರಿ ಕಂಪನಿಯ ಶೋರೂಮಿನಲ್ಲಿ ಅವನು ಸ್ಟಾಕ್ ಗುಮಾಸ್ತ. ಒಳಗೆ ಕಾಲಿಡುತ್ತಲೇ ಬಿಲ್ಲಿಂಗಿನ ರಮ್ಯ, "ಸಾರ್, ಮ್ಯಾನೇಜರ್ ಕರೀತಿದಾರೆ. ಅಳ್ತಿದಾರೆ" ಎಂದಳು.

ಮ್ಯಾನೇಜರ್ ಮೊಹ್ಸಿನ್ ಸಾಹೇಬರು ನಿಜಕ್ಕೂ ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮೇಜಿನ ಮೇಲೆ ಫೋನು ಸಣ್ಣಗೆ ಹಾಡುತ್ತಿತ್ತು.

"ಬನ್ನಿ ಸುಗತ್. ಕೇಳಿ. ಈ ಹುಡುಗಿ ಗಂಟಲಲ್ಲಿ ದೇವ್ರು ಕೂತಿದಾನೆ."

ಸುಗತ ಕೇಳಿದ. ಯಾರೋ ಹೆಂಗಸು ಏನೋ ಕಳೆದುಕೊಂಡು ಹುಡುಕುತ್ತಿರುವಂತಿತ್ತು. "ಚೆನ್ನಾಗಿದೆ ಸಾರ್" ಎಂದ.

"ನಾನು ಮಂದಾರ ಮಧುರ ಬಳಗದ ಸೆಕ್ರೆಟರಿ ಅಂತ ನಿಮಗೆ ಗೊತ್ತು. ನಾನು ಪ್ರೆಶರ್ ಹಾಕೋ ಮನುಷ್ಯ ಅಲ್ಲ. ಬೋರ್ಡಲ್ಲಿ ನಿಮ್ಮ ಆತ್ಮಸಾಕ್ಷಿ ಪ್ರಕಾರ ಮಂದಾರ ಹೆಸರು ಮೇಲೆ ಬರೀರಿ."

"ಸಾರ್..."

"ಇನ್ನೊಂದು ವಿಷ್ಯ. ನಮ್ಮ ಕೆ.ಆರ್. ಪುರಂ ಗೋಡೌನ್ ಇನ್‌ಚಾರ್ಜ್ ಕೆಲ್ಸ ಬಿಟ್ಬಿಟ್ಟ. ಯಾರನ್ನ ಕಳಿಸ್ಲಿ ಅಂತ ಯೋಚ್ನೆ ಮಾಡ್ತಿದೀನಿ. ಸಾಯಂಕಾಲ ಬೋರ್ಡು ನೋಡ್ಕೊಂಡು ಡಿಸೈಡ್ ಮಾಡ್ತೀನಿ."

ಸುಗತನ ಕಣ್ಣ ಮುಂದೆ ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕು, ಕೆ.ಆರ್. ಪುರಂ ಸೇತುವೆ, ಅದರ ಕೆಳಗೆ ಹಾರ್ನ್ ಹೊಡೆಯುತ್ತ ನಿಂತ ನೂರಾರು ಬಸ್ಸುಗಳು ಬಂದವು. ಗರಂ ಎಂದರೆ ಕೆಲಸ ಕೆ.ಆರ್. ಪುರಂಗೆ. ಮಂದಾರ ಎಂದರೆ ಮನೆ ಖಾಲಿ. ಹೇಗೆ ಬರೆದರೂ ಇದ್ದಲ್ಲಿ ಇರುವ ಹಾಗಿಲ್ಲ. ಅವನು ಕ್ಯಾಬಿನ್ನಿನಿಂದ ಹೊರಬಂದು ಒಂದು ಮಡಚುವ ಛತ್ರಿಯನ್ನು ಬಿಚ್ಚಿ, ಮತ್ತೆ ಮಡಚಿ, ಮತ್ತೆ ಬಿಚ್ಚಿ, ಯಾಕೆ ಬಿಚ್ಚಿದೆ ಎಂದು ಮರೆತು ನಿಂತ.

"ಸಾರ್, ಇದರಲ್ಲಿ ತಲೆ ಕೆಡಿಸ್ಕೊಳ್ಳೋದೇನಿದೆ?" ಎಂದಳು ರಮ್ಯ. "ಆಲ್ಬಮ್ ಮೇಲೆ ಯಾರ ಹೆಸ್ರು ಮೊದ್ಲು ಇದೆಯೋ ಅದನ್ನೇ ಬರೀರಿ. ನೋಡಿ," ಎಂದು ಫೋನು ತೋರಿಸಿದಳು. "ಗರಂ, ಆಮೇಲೆ ಮಂದಾರ. ಓ... ಒಂದ್ನಿಮಿಷ."

ಬೆರಳು ಸರಿಸಿದಳು. ಅದೇ ಆಲ್ಬಮ್ಮು, ಅದೇ ಚಿತ್ರ, ಹೆಸರು ಮಾತ್ರ ತಿರುಗುಮುರುಗು. ಮಂದಾರ, ಆಮೇಲೆ ಗರಂ.

"ಎರಡು ಕವರ್ ಮಾಡಿದಾರೆ ಸಾರ್! ಅವ್ರ ಫ್ಯಾನ್ಸ್‌ಗೆ ಅದು, ಇವ್ರ ಫ್ಯಾನ್ಸ್‌ಗೆ ಇದು. ಎಂಥಾ ಬುದ್ಧಿವಂತ್ರು ನೋಡಿ."

"ಅಂದ್ರೆ ಅವರಿಗೂ ನನ್ನ ಥರಾನೇ ಮನೆ ಮಾಲೀಕ್ರಿದ್ದಾರೆ" ಎಂದು ಸುಗತ ನಿಟ್ಟುಸಿರು ಬಿಟ್ಟ.

ರಮ್ಯ ಅಷ್ಟಕ್ಕೇ ಬಿಡುವ ಹುಡುಗಿಯಲ್ಲ. ಯಾರು ಹೆಚ್ಚು ಹಾಡಿದ್ದಾರೋ ಅವರೇ ಮೊದಲು ಎಂದು ತೀರ್ಪು ಕೊಟ್ಟು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಗಿರಾಕಿಗಳನ್ನು ಕೈಸನ್ನೆಯಲ್ಲೇ ನಿಭಾಯಿಸುತ್ತ ಏಳೂ ಹಾಡುಗಳನ್ನು ಅಳೆದಳು. ಮಧ್ಯಾಹ್ನದ ಹೊತ್ತಿಗೆ ವರದಿ ಸಿದ್ಧವಾಯಿತು.

"ಮೂರು ಹಾಡು ಅವ್ಳು ಶುರು ಮಾಡ್ತಾಳೆ, ಮೂರು ಹಾಡು ಅವ್ನು ಶುರು ಮಾಡ್ತಾನೆ."

"ಏಳನೇದು?"

"ಇಬ್ರೂ ಒಟ್ಟಿಗೆ ಕೆಮ್ಮಿ ಶುರು ಮಾಡ್ತಾರೆ. ಇನ್ನು ಟೈಮ್ ನೋಡಿದ್ರೆ, ಮಂದಾರ ಹತ್ತೊಂಬತ್ತು ನಿಮಿಷ, ಗರಂ ಹದಿನೇಳು. ಆದ್ರೆ ಮಂದಾರ ಎರಡು ನಿಮಿಷ ಬರೀ ಹೂಂ ಹೂಂ ಅಂತಾಳೆ. ಅದನ್ನ ಹಾಡು ಅಂತ ಹಿಡೀಬೇಕಾ, ಬೇಡ್ವಾ?"

ಸುಗತನಿಗೆ ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ತಿಳಿಯಲಿಲ್ಲ. ಊಟದ ಡಬ್ಬಿಯನ್ನು ಬಿಚ್ಚದೆ ನೇರ ಪಾಷಾನ ಹೋಟೆಲಿಗೆ ಓಡಿದ.

"ಪಾಷಾ ಭಾಯ್, ಒಂದುಪಕಾರ ಮಾಡಿ. ಆಲ್ಬಮ್ ಹೆಸ್ರು ಮಾತ್ರ ಬರೆದ್ಬಿಡ್ತೀನಿ. ಹಾಡಿದೋರ ಹೆಸ್ರು ಬೇಡ."

"ಅರೆ ನಕ್ಕೋ ನಕ್ಕೋ!" ಪಾಷಾ ಎರಡೂ ಕಿವಿ ಮುಟ್ಟಿಕೊಂಡ. "ಹಾಡಿದವ್ರ ಹೆಸ್ರು ಇಲ್ದೆ ಈ ಬೋರ್ಡು ಒಂದು ದಿನಾನೂ ನಿಂತಿಲ್ಲ. ಅಬ್ಬಾ ಹೇಳಿದ್ರು, ಗಂಟಲು ನೋಯಿಸಿಕೊಂಡೋರ್ದು ಹೆಸ್ರು ಬರೀದೆ ಇರೋದು ಪಾಪ ಅಂತ."

"ಹಾಗಾದ್ರೆ ನೀವೇ ಬರೀರಿ."

"ನಾನು ಬರೆದ್ರೆ ಅರ್ಧ ಗಿರಾಕಿ ಹೋಗ್ತಾರೆ. ನೀವು ಬರೆದ್ರೆ ಸಿಟ್ಟು ನಿಮ್ಮ ಮೇಲೆ ಹೋಗ್ತದೆ. ಅದಕ್ಕೇ ನ್ಯೂಟ್ರಲ್ ಆದ್ಮಿ ಇಟ್ಟಿರೋದು." ಪಾಷಾ ಪ್ರೀತಿಯಿಂದ ಅವನ ಭುಜ ತಟ್ಟಿ, ಒಂದು ಟೀ ಪುಕ್ಕಟೆ ಕೊಟ್ಟ. ಸುಗತ ಅದಕ್ಕೆ ಉಪ್ಪು ಹಾಕಿಕೊಂಡು ಕುಡಿದ. ಕುಡಿದು ಮುಗಿಸಿದ ಮೇಲೆ ಗೊತ್ತಾಯಿತು.

ಐದು ಗಂಟೆಗೆ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲಿನ ಎಡಗಡೆ ಮಂಜುಳಮ್ಮ ಮತ್ತು ಅವರ ಘಟಕದ ಹದಿನೈದು ಹೆಂಗಸರು ಒಂದೇ ಬಣ್ಣದ ಕೆಂಪು ಸೀರೆಯಲ್ಲಿ ಕುಳಿತಿದ್ದರು. ಬಲಗಡೆ ಮೊಹ್ಸಿನ್ ಸಾಹೇಬರು, ಅವರ ಹಿಂದೆ ನೀಲಿ ಶಾಲು ಹೊದ್ದ ಮಧುರ ಬಳಗ. ಅರ್ಧದಷ್ಟು ಜನ ಆಗಲೇ ಕರವಸ್ತ್ರ ತೆಗೆದು ಸಿದ್ಧವಾಗಿದ್ದರು.

ಪಾಷಾ 'ಅರ್ಧ ನಿಂದು' ಜಾಡಿಯನ್ನು ಮೇಜಿನ ಮೇಲೆ ಸುರಿದ. ಸುರಿದವನು ಹೌಹಾರಿದ. ಅಪ್ಪನ ಕಾಲದ ಹಿತ್ತಾಳೆ ಬಿಲ್ಲೆಗಳಲ್ಲಿ ಅರ್ಧಕ್ಕೆ ಕೆಂಪು ಬಣ್ಣ, ಅರ್ಧಕ್ಕೆ ನೀಲಿ.

"ಯೇ ಕ್ಯಾ ಹೈ?"

ಮಂಜುಳಮ್ಮ ಸ್ವಲ್ಪವೂ ನಾಚದೆ, "ನಮ್ಮ ಹುಡುಗೀರು ನೈಲ್ ಪಾಲಿಶ್ ಹಚ್ಚವ್ರೆ. ನಮ್ಮೋಟು ಯಾವ್ದು ಅಂತ ಗೊತ್ತಾಗ್ಬೇಕಲ್ಲ" ಎಂದರು.

ಮೊಹ್ಸಿನ್ ಸಾಹೇಬರು ಗಂಟಲು ಸರಿಮಾಡಿಕೊಂಡರು. "ನಾವು ಆಫೀಸಿನ ಸ್ಟಾಂಪ್ ಪ್ಯಾಡ್ ಇಂಕು ಹಚ್ಚಿದೀವಿ. ತೊಳೆದ್ರೆ ಹೋಗುತ್ತೆ." ಹೇಳುವಾಗ ಅವರ ಬೆರಳುಗಳು ನೀಲಿಯಾಗಿಯೇ ಇದ್ದವು.

ಹೀಗೆ ಎರಡೂ ಕಡೆಯವರು ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಒಂದೇ ಕುತಂತ್ರ ಮಾಡಿದ್ದರು. ಇದು ಒಳ್ಳೆಯದೇ ಆಯಿತು ಎಂದು ಸುಗತನಿಗೆ ಅನ್ನಿಸಿತು. ಎಣಿಸಿದರೆ ಯಾರದು ಹೆಚ್ಚೋ ಅವರ ಹೆಸರು ಮೇಲೆ. ತಪ್ಪು ಬಿಲ್ಲೆಯದು, ತನ್ನದಲ್ಲ. ಅವನು ಹುರುಪಿನಿಂದ ಎಣಿಸತೊಡಗಿದ. ಕೆಂಪು ನೂರ ನಲವತ್ತಮೂರು. ನೀಲಿಯೂ ನೂರ ನಲವತ್ತಮೂರು. ಉಳಿದದ್ದು ಒಂದೇ ಬಿಲ್ಲೆ.

ಸುಗತ ಬಿಲ್ಲೆ ಎತ್ತಿ ತೋರಿಸಿದ.

"ಕೆಂಪು!" ಎಂದು ಎಡಗಡೆಯವರು ಕೂಗಿದರು.

"ನೀಲಿ!" ಎಂದು ಬಲಗಡೆಯವರು ಕೂಗಿದರು.

ಸುಗತ ತಿರುಗಿಸಿ ನೋಡಿದ. ಒಂದು ಮುಖ ಕೆಂಪು, ಇನ್ನೊಂದು ಮುಖ ನೀಲಿ.

ಪಾಷಾ ಹಣೆ ಚಚ್ಚಿಕೊಂಡ. "ಗುರುವಾರ ಗಂಡ ಹೆಂಡ್ತಿ ಬಂದಿದ್ರು. ಬೈಟು ಟೀ. ಒಂದು ಬಿಲ್ಲೆ, ಎರಡು ಲೋಟ. ಗಂಡ ಮಂದಾರ ಪಾರ್ಟಿ, ಹೆಂಡ್ತಿ ಗರಂ ಪಾರ್ಟಿ. ಇಬ್ರೂ ಒಂದೊಂದು ಕಡೆ ಹಚ್ಬಿಟ್ಟಿದಾರೆ."

"ಟೀ ಯಾರು ಜಾಸ್ತಿ ಕುಡಿದ್ರು?" ಎಂದು ಮಂಜುಳಮ್ಮ ಕೇಳಿದರು.

"ನಾನು ಸಮ ಹಾಕಿದ್ದೆ."

"ದುಡ್ಡು ಯಾರು ಕೊಟ್ರು?" ಎಂದರು ಮೊಹ್ಸಿನ್.

"ಗಂಡ ಕೊಟ್ಟ. ಆದ್ರೆ ಹೆಂಡ್ತಿ ಪರ್ಸಿಂದ ತೆಗೆದು ಕೊಟ್ಟ."

ಇದರ ಮೇಲೆ ಹತ್ತು ನಿಮಿಷ ಗದ್ದಲ ನಡೆಯಿತು. ಹೆಂಡತಿಯ ಪರ್ಸಿನಲ್ಲಿರುವುದು ಯಾರ ದುಡ್ಡು ಎಂಬ ಪ್ರಶ್ನೆಗೆ ಕೆಂಪು ಸೀರೆಗಳೆಲ್ಲ ಎದ್ದು ನಿಂತವು. ನೀಲಿ ಶಾಲಿನ ಕೆಲವು ಗಂಡಂದಿರು ತಮ್ಮ ಅನುಭವವನ್ನು ನೆನೆದು ಮೆಲ್ಲಗೆ ಕುಳಿತರು. ಕೊನೆಗೆ ಪಾಷಾ ತೀರ್ಪು ಕೊಟ್ಟ: ಬೈಟು ಟೀಯ ಬಿಲ್ಲೆ ಇಬ್ಬರಿಗೂ ಅರ್ಧರ್ಧ. ನೂರ ನಲವತ್ತಮೂರೂವರೆ, ನೂರ ನಲವತ್ತಮೂರೂವರೆ. ಸಮ ಸಮ.

ಎಲ್ಲರೂ ಸುಗತನ ಕಡೆ ತಿರುಗಿದರು.

"ಬರಿಯಪ್ಪಾ" ಎಂದರು ಮಂಜುಳಮ್ಮ, ಕೈಚೀಲದಿಂದ ಅಗ್ರಿಮೆಂಟಿನ ತುದಿ ಕಾಣುವಂತೆ ಸ್ವಲ್ಪ ಹೊರಗೆಳೆದು.

"ಬರೀರಿ ಸುಗತ್" ಎಂದರು ಮೊಹ್ಸಿನ್. ಅವರು ಏನನ್ನೂ ತೋರಿಸಲಿಲ್ಲ, ಕೆ.ಆರ್. ಪುರಂ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಸುಮ್ಮನೆ ನೋಡಿದರು.

ಸುಗತ ಸ್ಟೂಲು ಹತ್ತಿದ. ಕಾಲು ನಡುಗುತ್ತಿತ್ತು. ಸ್ಟೂಲಿಗೂ ಒಂದು ಕಾಲು ಗಿಡ್ಡ, ಆದ್ದರಿಂದ ಯಾರು ನಡುಗುತ್ತಿದ್ದಾರೆ ಎಂದು ಹೇಳುವುದು ಕಷ್ಟವಾಗಿತ್ತು. ಮೇಲಿನ ಸಾಲಿನಲ್ಲಿ 'ಅರ್ಧ ನಿಂದು' ಎಂದು ಬರೆದ. ಅದರ ಕೆಳಗೆ ಸೀಮೆಸುಣ್ಣ ಇಟ್ಟು ಕಣ್ಣು ಮುಚ್ಚಿದ. ಯಮುನಾಳ ದಣಿದ ಮುಖ ಬಂತು. ಎಂಟನೆಯ ಮನೆಗೆ ಹೋಗೋಣ ಎಂದು ಅವಳಿಗೆ ಹೇಗೆ ಹೇಳುವುದು? ಸ್ಟೂಲು ವಾಲಿತು, ಬೀಳದಿರಲು ಅವನು ಕರಿಹಲಗೆಯನ್ನೇ ತಬ್ಬಿಕೊಂಡ.

ಹಲಗೆಯ ಎರಡು ಕೊಂಡಿಗಳಲ್ಲಿ ಒಂದು ಕಿತ್ತು ಬಂತು. ಹಲಗೆ ಸುಗತನ ಸಮೇತ ಕಾಲು ಸುತ್ತು ತಿರುಗಿ, ಪಕ್ಕದಲ್ಲಿದ್ದ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಕೊಂಡು ಅಡ್ಡಡ್ಡ ನಿಂತಿತು.

ಹೆಂಗಸರು ಚೀರಿದರು. ಸುಗತ ಮಾತ್ರ ಮೂಗಿನ ಮೇಲೆ ಸುಣ್ಣ ಮೆತ್ತಿಕೊಂಡು ಆ ಹಲಗೆಯನ್ನೇ ದಿಟ್ಟಿಸುತ್ತಿದ್ದ. ಉದ್ದುದ್ದ ಇದ್ದ ಹಲಗೆ ಈಗ ಅಗಲವಾಗಿತ್ತು! ಒಂದೇ ಸಾಲಿನಲ್ಲಿ ಎರಡೇನು, ನಾಲ್ಕು ಹೆಸರು ಹಿಡಿಯುವಷ್ಟು ಜಾಗ. ಹುಟ್ಟಿದಾಗಿನಿಂದ ಅವನ ತಲೆಗೆ ಇಷ್ಟು ಬೇಗ ಏನೂ ಹೊಳೆದಿರಲಿಲ್ಲ. ಸ್ಟೂಲನ್ನು ನೆಟ್ಟಗೆ ಮಾಡಿ ಹತ್ತಿ, ಹಳೆಯದನ್ನು ತೋಳಿನಿಂದ ಒರೆಸಿ, ನೆತ್ತಿಯಲ್ಲಿ ಮತ್ತೆ 'ಅರ್ಧ ನಿಂದು' ಎಂದು ಬರೆದು, ಅದರ ಕೆಳಗೆ ಎಡಗಡೆ 'ಗರಂ' ಎಂದೂ ಬಲಗಡೆ 'ಮಂದಾರ' ಎಂದೂ ಸಮವಾಗಿ ಬರೆದು, ನಡುವೆ ಒಂದು ನಕ್ಷತ್ರ ಬಿಡಿಸಿದ.

"ಮೇಲೂ ಇಲ್ಲ, ಕೆಳಗೂ ಇಲ್ಲ" ಎಂದು ಏದುಸಿರು ಬಿಟ್ಟ.

ಮಂಜುಳಮ್ಮ ಎಡದಿಂದ ಓದಿದರು. "ಗರಂ, ಮಂದಾರ. ನಮ್ಮೋನೇ ಮೊದ್ಲು!" ಕೆಂಪು ಸೀರೆಗಳು ಚಪ್ಪಾಳೆ ತಟ್ಟಿದವು.

ಮೊಹ್ಸಿನ್ ಸಾಹೇಬರ ಮುಖ ಕೆಂಪಗಾಯಿತು. "ಸುಗತ್! ಇದೇನಾ ನಿಮ್ಮ ಆತ್ಮಸಾಕ್ಷಿ?"

ಸುಗತ ಸ್ಟೂಲಿನಿಂದ ಇಳಿದು, ಅವರ ಕಿವಿಯ ಹತ್ತಿರ ಬಗ್ಗಿ, ಜೀವಮಾನದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಕೇಳಿದ: "ಸಾರ್, ನೀವು ಮನೇಲಿ ಉರ್ದು ಪೇಪರ್ ಯಾವ ಕಡೆಯಿಂದ ಓದ್ತೀರಿ?"

ಮೊಹ್ಸಿನ್ ತಲೆಯನ್ನು ಬಲಕ್ಕೆ ತಿರುಗಿಸಿ, ಅಲ್ಲಿಂದ ನಿಧಾನವಾಗಿ ಎಡಕ್ಕೆ ತಂದರು. "ಮಂದಾರ... ಗರಂ." ಅವರ ಕಣ್ಣು ತುಂಬಿ ಬಂತು. "ಮಾಶಾ ಅಲ್ಲಾ! ಮಂದಾರಾನೇ ಮೊದ್ಲು! ನಮ್ಮ ಅಮ್ಮಿ ಓದಿದ್ರೂ ಇದೇ ಬರುತ್ತೆ!"

ನೀಲಿ ಶಾಲುಗಳೂ ಚಪ್ಪಾಳೆ ತಟ್ಟಿದವು. ಕನ್ನಡ ಓದುವವರು ಎಡದಿಂದ, ಉರ್ದು ಓದುವವರು ಬಲದಿಂದ, ಎರಡೂ ಓದುವವರು ತಲೆಯನ್ನು ಫ್ಯಾನಿನ ಹಾಗೆ ಅತ್ತಿತ್ತ ತಿರುಗಿಸುತ್ತ ಓದಿ ಸಂತೋಷಪಟ್ಟರು. ಎಲ್ಲರೂ ಗೆದ್ದಿದ್ದರು. ಯಾರೋ ಸುಗತನನ್ನು ಎತ್ತಿ ಕುಣಿಸಿದರು. ಪಾಷಾ ಸ್ಪೀಕರ್ ಹಚ್ಚಿದ, ಗರಂ ಮತ್ತು ಮಂದಾರ ಒಟ್ಟಿಗೆ ಕೆಮ್ಮಿ ಹಾಡು ಶುರುಮಾಡಿದರು.

ಹೊರಡುವಾಗ ಸುಗತ ಒಂದು ಅಪರೂಪದ ದೃಶ್ಯ ನೋಡಿದ. ಮೂಲೆಯ ಮೇಜಿನಲ್ಲಿ ಮಂಜುಳಮ್ಮ ಮತ್ತು ಮೊಹ್ಸಿನ್ ಸಾಹೇಬರು ಎದುರೆದುರು ಕುಳಿತು ಬೈಟು ಟೀ ಕುಡಿಯುತ್ತಿದ್ದರು.

"ನೀವಿಬ್ರು ಮೊದ್ಲೇ ಮಾತಾಡ್ಕೊಂಡಿದ್ರೆ ನನಗೆ ಈ ಪಾಡು ಬರ್ತಿರ್ಲಿಲ್ಲ" ಎಂದು ಅವನು ನಗುತ್ತ ಹೇಳಿದ.

"ನಿಜ ಕಣಪ್ಪ" ಎಂದರು ಮಂಜುಳಮ್ಮ. "ಈಗ ಮಾತಾಡ್ತಾ ಇದೀವಲ್ಲ. ನಿನ್ನ ವಿಷ್ಯಾನೇ."

ಸುಗತನ ಕಾಲು ನೆಲದ ಮೇಲಿರಲಿಲ್ಲ. ದಾರಿಯಲ್ಲಿ ಒಂದು ಮೊಳ ಮಲ್ಲಿಗೆ ಕೊಂಡ. ಮನೆಗೆ ಬಂದು ಯಮುನಾಳಿಗೆ ಎಲ್ಲವನ್ನೂ ಅಭಿನಯಿಸಿ ತೋರಿಸಿದ, ಹಲಗೆ ತಿರುಗಿದ ಭಾಗವನ್ನು ಎರಡು ಸಲ. "ಇನ್ನು ನಮ್ಮನ್ನ ಇಲ್ಲಿಂದ ಯಾರೂ ಅಲ್ಲಾಡ್ಸಕ್ಕಾಗಲ್ಲ" ಎಂದ. ಯಮುನಾ ಮಲ್ಲಿಗೆ ಮುಡಿದು, ಎಷ್ಟೋ ತಿಂಗಳ ನಂತರ ಬಾಯಿತುಂಬ ನಕ್ಕಳು. ಆ ನಗು ನೋಡಿ ಸುಗತನಿಗೆ ಬೋರ್ಡು ಬರೆದದ್ದು ಸಾರ್ಥಕವಾಯಿತು ಅನ್ನಿಸಿತು.

ಏಳು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಮಂಜುಳಮ್ಮ, ಅವರ ಪಕ್ಕದಲ್ಲಿ ಮೊಹ್ಸಿನ್ ಸಾಹೇಬರು. ಇಬ್ಬರೂ ಒಂದೊಂದು ಕೈ ಹಾಕಿ ಒಂದೇ ಸ್ವೀಟ್ ಡಬ್ಬಿ ಹಿಡಿದುಕೊಂಡಿದ್ದರು.

"ಒಳ್ಳೆ ಸುದ್ದಿ ಸುಗತ್" ಎಂದರು ಮೊಹ್ಸಿನ್. "ಆ ತಾರೆಗಳು ಬೇರೆ ಬೇರೆ ಹಾಡಿದಾಗ ನಾಲ್ಕು ನಾಲ್ಕು ವಾರ ಅಷ್ಟೇ. ಒಂದಾದ್ರು, ಜಾಡಿ ಸಾಕಾಗ್ಲಿಲ್ಲ. ಅದಕ್ಕೇ ನಾವೂ ಒಂದಾಗಿದೀವಿ. ಗರಂ ಮಂದಾರ ಜಂಟಿ ಅಭಿಮಾನಿ ಸಂಘ!"

"ಸಂತೋಷ ಸಾರ್!"

"ಸಂಘ ಅಂದ್ಮೇಲೆ ಆಫೀಸ್ ಬೇಕಲ್ಲಪ್ಪ" ಎಂದು ಮಂಜುಳಮ್ಮ ಬಾಲ್ಕನಿಯತ್ತ ಹೋಗಿ ಅದನ್ನು ಗೇಣು ಹಾಕಿ ಅಳೆದರು. "ಇಲ್ಲಿ ದೊಡ್ಡ ಬ್ಯಾನರ್ ಕಟ್ಟಿದ್ರೆ ಫ್ಲೈಓವರ್ ಮೇಲಿಂದಾನೂ ಕಾಣ್ಸತ್ತೆ. ಅಡ್ಡಡ್ಡವಾಗಿ. ಆ ಐಡಿಯಾ ನೀನೇ ಕೊಟ್ಟಿದ್ದು."

ಸುಗತನ ನಗು ಅರ್ಧಕ್ಕೆ ನಿಂತಿತು. "ಅಮ್ಮ, ಅಗ್ರಿಮೆಂಟು...?"

"ಆಯ್ತಲ್ಲ, ಸೈನ್ ಹಾಕ್ಬಿಟ್ಟೆ. ನಿನ್ನ ಹೆಸ್ರು ಹೊಡೆದಾಕಿ ಸಂಘದ ಹೆಸ್ರು ಬರ್ದಿದೀವಿ. ಹೊಸ ಪೇಪರ್ ಯಾಕೆ ದಂಡ ಮಾಡೋದು ಅಂತ."

"ನನಗೆ ತುಂಬಾ ಬೇಜಾರಾಯ್ತು ಸುಗತ್" ಎಂದರು ಮೊಹ್ಸಿನ್, ನಿಜವಾಗಿಯೂ ಕರವಸ್ತ್ರ ತೆಗೆಯುತ್ತ. "ಇಷ್ಟೆಲ್ಲ ಉಪಕಾರ ಮಾಡಿದ ಮನುಷ್ಯ ಬೀದೀಲಿ ನಿಲ್ಬೇಕಾ ಅಂತ ಮಂಜುಳಮ್ಮ ಅವರ್ನ ಕೇಳ್ದೆ. ಅವ್ರೂ ಅತ್ಬಿಟ್ರು. ಕೊನೆಗೆ ನಾನೇ ದಾರಿ ಹುಡುಕ್ದೆ. ಸೋಮವಾರದಿಂದ ನೀವು ಕೆ.ಆರ್. ಪುರಂ ಗೋಡೌನ್ ಇನ್‌ಚಾರ್ಜ್. ಪ್ರಮೋಷನ್! ಮೇಲ್ಗಡೆ ಒಂದು ರೂಮಿದೆ, ಅಲ್ಲೇ ಇರಬಹುದು. ತಗೊಳ್ಳಿ ಕೀ."

ಸುಗತ ಕೀ ತೆಗೆದುಕೊಂಡ. ಯಾಕೆ ತೆಗೆದುಕೊಂಡೆ ಎಂದು ಅವನಿಗೇ ತಿಳಿಯಲಿಲ್ಲ. ಬೆಳಿಗ್ಗೆ ಮನೆಯೋ ಕೆಲಸವೋ ಎಂದಿತ್ತು. ಈಗ ಮನೆಯೂ ಹೋಗಿ, ಕೆಲಸವೂ ಹೋಗಿ, ಎರಡೂ ಸೇರಿ ಒಂದು ಬೀಗದ ಕೈಯಾಗಿ ಅಂಗೈ ಮೇಲೆ ಕುಳಿತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಯಮುನಾ ಒಳಗೆ ಹೋದಳು. ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸುವ ಸದ್ದು ಕೇಳಿಬಂತು.

"ಹಾಗಾದ್ರೆ... ಇದರಲ್ಲೆಲ್ಲ ನನ್ನ ಪರವಾಗಿ ಮಾತಾಡಿದ್ದು ಯಾರು?" ಎಂದು ಅವನು ಗೊಂದಲದಲ್ಲಿ ಕೇಳಿದ.

"ನಾವಿಬ್ರೂ!" ಎಂದರು ಇಬ್ಬರೂ ಒಂದೇ ಉಸಿರಿನಲ್ಲಿ.

"ಒಬ್ಬೊಬ್ರೇ ಆಗಿದ್ರೆ ನಮ್ಮ ಕೈಲಿ ಆಗ್ತಿರ್ಲಿಲ್ಲ" ಎಂದರು ಮೊಹ್ಸಿನ್ ಸಾಹೇಬರು ವಿನಯದಿಂದ.

"ಲಾರಿ ನಾಳೆ ಒಂಬತ್ತಕ್ಕೆ ಬರತ್ತೆ" ಎಂದರು ಮಂಜುಳಮ್ಮ, ಅವನ ಬಾಯಿಗೆ ಒಂದು ಲಾಡು ಇಡುತ್ತ.

ಸುಗತ ಲಾಡು ತುಂಬಿದ ಬಾಯಲ್ಲೇ ಇಬ್ಬರಿಗೂ ಕೈಮುಗಿದು ಥ್ಯಾಂಕ್ಸ್ ಹೇಳಿದ. ಯಾರಿಗೆ ಮೊದಲು ಹೇಳಿದೆ ಎಂಬುದು ಅವನಿಗೇ ಗೊತ್ತಾಗಲಿಲ್ಲ.